ಕೊಲ್ಲಿಯ ನೀರು ತಿಳಿಯಾದರೆ ಯಾಕೆ ಭಯ?

2022ರ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದ ಲೇಕ್ ಮೆರಿಟ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಹೆಸರಿನಲ್ಲಿ ಲೇಕ್ ಅಂತ ಇದ್ದರೂ ಅದು ಕೆರೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪುನೀರು ಉಬ್ಬರಕ್ಕೆ ಒಳಗೆ ಬಂದು ಇಳಿತಕ್ಕೆ ಹೊರಗೆ ಹೋಗುವ ಹಿನ್ನೀರು. ಕೊಲ್ಲಿಯ ಬೇರೆ ಕಡೆಯೂ ದಡಕ್ಕೆ ಸತ್ತ ಮೀನು ಬಂದು ಬಿದ್ದವು. ಅದರಲ್ಲಿ ನೂರಾರು ಸ್ಟರ್ಜನ್ ಇದ್ದವು. ಸ್ಟರ್ಜನ್ ಅಂದರೆ ಐವತ್ತು ವರ್ಷಕ್ಕೂ ಮೀರಿ ಬದುಕಬಲ್ಲ, ನಿಧಾನವಾಗಿ ಬೆಳೆಯುವ, ತಡವಾಗಿ ಮೊಟ್ಟೆ ಇಡುವ ಮೀನು. ಒಂದು ತಿಂಗಳಲ್ಲಿ ಹೋದದ್ದು ತುಂಬಿಕೊಳ್ಳಲು ದಶಕಗಳೇ ಬೇಕು.

ಕಾರಣ ಒಂದು ಪಾಚಿ. ಹೆಟೆರೋಸಿಗ್ಮಾ ಅಕಾಶಿವೊ ಅಂತ ಅದರ ಹೆಸರು. ಒಂದೇ ಜೀವಕೋಶ, ಕಣ್ಣಿಗೆ ಕಾಣದಷ್ಟು ಸಣ್ಣದು. ಜುಲೈ ಕೊನೆಯಲ್ಲಿ ಅಲಮೀಡಾ ಬಳಿ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ಕೊಲ್ಲಿಯ ಬಹುಭಾಗಕ್ಕೆ ಹರಡಿ ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿತು. ಮರುವರ್ಷ, 2023ರ ಬೇಸಿಗೆಯಲ್ಲಿ, ಸಣ್ಣ ಪ್ರಮಾಣದಲ್ಲಿ ಮತ್ತೆ ಬಂತು.

ಸುದ್ದಿಗಳು ಬೊಟ್ಟು ಮಾಡಿದ್ದು ಚರಂಡಿ ನೀರಿನ ಕಡೆಗೆ. ತಪ್ಪೇನಿಲ್ಲ. ಕೊಲ್ಲಿಗೆ 37 ಕೊಳಚೆ ಶುದ್ಧೀಕರಣ ಘಟಕಗಳ ನೀರು ಬಂದು ಸೇರುತ್ತದೆ. ಅದರೊಂದಿಗೆ ಬರುವ ಸಾರಜನಕವೇ ಪಾಚಿಯ ಗೊಬ್ಬರ. ಫ್ರೀಮಾಂಟ್, ಸನಿವೇಲ್, ಸ್ಯಾಂಟಾ ಕ್ಲಾರಾ ಕಡೆ ನೆಲೆಸಿರುವ ಕನ್ನಡದವರ ಬಚ್ಚಲ ನೀರೂ ಈ ಲೆಕ್ಕದಲ್ಲಿ ಸೇರಿದೆ ಅನ್ನಿ. ಆದರೆ ಇಲ್ಲೊಂದು ತೊಡಕಿದೆ. ಈ ಗೊಬ್ಬರ 2022ರಲ್ಲಿ ಹೊಸದಾಗಿ ಬಂದದ್ದಲ್ಲ. ದಶಕಗಳಿಂದ ಕೊಲ್ಲಿಯ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಬೇಕಾದಷ್ಟಿವೆ. ಇಷ್ಟೇ ಗೊಬ್ಬರ ಬೇರೆ ಅಳಿವೆಗಳಿಗೆ ಬಿದ್ದಿದ್ದರೆ ವರ್ಷ ವರ್ಷವೂ ಪಾಚಿ ಉಕ್ಕುತ್ತಿತ್ತು. ಇಲ್ಲಿ ಉಕ್ಕಲಿಲ್ಲ. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ 1960ರ ದಶಕದ ಕೊನೆಯಿಂದಲೂ ದೋಣಿ ಕಟ್ಟಿಕೊಂಡು ಈ ಕೊಲ್ಲಿಯ ನೀರನ್ನು ಅಳೆಯುತ್ತಾ ಬಂದಿದೆ. ಅಲ್ಲಿನ ವಿಜ್ಞಾನಿ ಜೇಮ್ಸ್ ಕ್ಲೋರ್ನ್ 1980ರ ದಶಕದಲ್ಲೇ ಇದಕ್ಕೆ ಕಾರಣ ಹೇಳಿದ್ದರು. ಪಾಚಿಗೆ ಊಟ ಇತ್ತು, ಬೆಳಕು ಇರಲಿಲ್ಲ. ನೀರಿನ ರಾಡಿಯೇ ಕೊಲ್ಲಿಯನ್ನು ಕಾಯುತ್ತಿತ್ತು.

ಹಾಗಾಗಿ ಈಗಿನ ಗಲಾಟೆ ಅರ್ಥವಾಗಬೇಕಾದರೆ ಗೊಬ್ಬರದ ಲೆಕ್ಕಕ್ಕಿಂತ ಮೊದಲು ಬೆಳಕಿನ ಲೆಕ್ಕ ನೋಡಬೇಕು.

ಬೆಳಕು ಎಲ್ಲಿ ಹೋಗುತ್ತದೆ?

ನೀರಿಗೆ ಬಿದ್ದ ಬಿಸಿಲು ಆಳಕ್ಕೆ ಹೋದಂತೆ ಒಂದೇ ಅನುಪಾತದಲ್ಲಿ ಕರಗುತ್ತದೆ. ಮೊದಲ ಮೀಟರಿನಲ್ಲಿ ಅರ್ಧ ಹೋಯಿತು ಅನ್ನಿ. ಎರಡನೇ ಮೀಟರಿನಲ್ಲಿ ಉಳಿದರ್ಧದ ಅರ್ಧ ಹೋಗುತ್ತದೆ. ಮೂರನೆಯದರಲ್ಲಿ ಅದರರ್ಧ. ಹೀಗೆ ಮೇಲಿನ ಬೆಳಕಿನ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುವ ಆಳವನ್ನು ಪಾಚಿಯ ಬೆಳವಣಿಗೆಯ ಕೊನೆಯ ಗಡಿ ಅಂತ ವಿಜ್ಞಾನಿಗಳು ಸ್ಥೂಲವಾಗಿ ಒಪ್ಪಿಕೊಂಡಿದ್ದಾರೆ. ಬೆಳಕು ಎಷ್ಟು ಬೇಗ ಕರಗುತ್ತದೆ ಎನ್ನುವುದಕ್ಕೆ ಒಂದು ಅಂಕಿ ಇದೆ, ಅದನ್ನು ಕ್ಷಯಾಂಕ ಅನ್ನೋಣ. 4.6ನ್ನು ಆ ಅಂಕಿಯಿಂದ ಭಾಗಿಸಿದರೆ ಈ ಗಡಿ ಎಷ್ಟು ಮೀಟರಿನಲ್ಲಿದೆ ಅಂತ ಸಿಗುತ್ತದೆ. ನಡುಕಡಲಿನಲ್ಲಿ ಈ ಗಡಿ ನೂರು ಮೀಟರ್ ದಾಟುವುದುಂಟು. ರಾಡಿ ತುಂಬಿದ ಅಳಿವೆಯಲ್ಲಿ ಒಂದೆರಡು ಮೀಟರ್ ಸಿಕ್ಕರೆ ಹೆಚ್ಚು.

ಬೆಳಕನ್ನು ನುಂಗುವವರು ನಾಲ್ಕು ಮಂದಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಇಷ್ಟ. ನೀರಿಗೆ ಕೆಂಪು ಬೇಕು. ಎಷ್ಟೇ ಶುದ್ಧ ನೀರಾದರೂ ಕಡುಗೆಂಪು ಬೆಳಕಿನ ಹತ್ತಿರ ಹತ್ತಿರ ಅರ್ಧವನ್ನು ಒಂದೇ ಮೀಟರಿನಲ್ಲಿ ನುಂಗುತ್ತದೆ. ಎರಡನೆಯದು ಕೊಳೆತ ಎಲೆ, ಜೌಗಿನ ಮಣ್ಣಿನಿಂದ ಕರಗಿ ಬರುವ ಹಳದಿ ಕಲೆ. ಇದು ನೇರಳೆ, ನೀಲಿಯನ್ನು ತಿಂದುಹಾಕುತ್ತದೆ. ಮೂರನೆಯದು ತೇಲುವ ಕೆಸರಿನ ಕಣ. ಇದು ಬೆಳಕನ್ನು ಹೀರುವುದಕ್ಕಿಂತ ಜಾಸ್ತಿ ಚದುರಿಸುತ್ತದೆ. ಚದುರಿದ ಬೆಳಕು ನೆಟ್ಟಗೆ ಕೆಳಗಿಳಿಯುವುದಿಲ್ಲ. ಅಡ್ಡಾದಿಡ್ಡಿ ಸುತ್ತಾಡುತ್ತದೆ, ದಾರಿ ಉದ್ದವಾಗುತ್ತದೆ, ಆ ದಾರಿಯಲ್ಲಿ ಯಾರಾದರೊಬ್ಬರು ಅದನ್ನು ನುಂಗುವ ಸಾಧ್ಯತೆಯೂ ಹೆಚ್ಚುತ್ತದೆ. ನಾಲ್ಕನೆಯದು ಪಾಚಿಯೇ. ಅದರ ಹಸಿರು ವರ್ಣಕಕ್ಕೆ 440 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದ, ಬಣ್ಣವನ್ನು ಗುರುತಿಸುವ ಅಳತೆ) ಆಸುಪಾಸಿನ ನೀಲಿ ಮತ್ತು 675ರ ಆಸುಪಾಸಿನ ಕೆಂಪು ಬೇಕು.

ಈಗ ಕೂಡಿಸಿ ನೋಡಿ. ಕೆಂಪನ್ನು ನೀರು ತಿಂತು, ನೀಲಿಯನ್ನು ಹಳದಿ ಕಲೆ ತಿಂತು. ಅಳಿವೆಯ ಒಂದೆರಡು ಮೀಟರ್ ಆಳದಲ್ಲಿ ಉಳಿಯುವುದು ಮಂಕು ಹಳದಿ ಮಿಶ್ರಿತ ಹಸಿರು. ಹಸಿರು ವರ್ಣಕಕ್ಕೆ ಅತಿ ಕಡಿಮೆ ಉಪಯೋಗಕ್ಕೆ ಬರುವ ಬಣ್ಣವೇ ಅದು. ಅದಕ್ಕೇ ಅಳಿವೆಯ ಪಾಚಿಗಳಲ್ಲಿ ಬೇರೆ ವರ್ಣಕಗಳೂ ಇರುತ್ತವೆ. ಹೆಟೆರೋಸಿಗ್ಮಾದಲ್ಲಿ ಫ್ಯೂಕೊಜ್ಯಾಂಥಿನ್ ಎಂಬ ಕಂದು ವರ್ಣಕ ಇದೆ. ಅದು ನೀಲಿ-ಹಸಿರಿನ ಒಂದಿಷ್ಟು ಪಾಲನ್ನೂ ಹಿಡಿದು ಕೆಲಸಕ್ಕೆ ಹಚ್ಚುತ್ತದೆ. 2022ರಲ್ಲಿ ನೀರು ಹಸಿರಾಗದೆ ಕಂದಾಗಿದ್ದು ಇದರಿಂದಲೇ.

ಚಿನ್ನದ ಕೆಸರು

ಈ ಕೊಲ್ಲಿಯ ರಾಡಿಗೆ ಒಂದು ಚರಿತ್ರೆ ಇದೆ. ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಕಾಲದಲ್ಲಿ, 1853ರಿಂದ, ಸಿಯೆರಾ ನೆವಾಡಾ ಬೆಟ್ಟಗಳನ್ನು ಪೈಪಿನ ನೀರಿನ ರಭಸದಿಂದ ಕರಗಿಸಿ ಚಿನ್ನ ಸೋಸುವ ಪದ್ಧತಿ ಶುರುವಾಯಿತು. ಬೆಟ್ಟಕ್ಕೆ ಬೆಟ್ಟವೇ ಕೆಸರಾಗಿ ಸ್ಯಾಕ್ರಮೆಂಟೊ ನದಿಗೆ ಇಳಿಯಿತು. ಕೆಳಗಿನ ಹೊಲಗಳೆಲ್ಲ ಹೂಳಿನಲ್ಲಿ ಮುಚ್ಚಿಹೋಗಿ ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಹೀಗೆ ಹೂಳನ್ನು ನದಿಗೆ ಬಿಡಬಾರದು ಅಂತ ತೀರ್ಪು ಕೊಟ್ಟರು. ಗಣಿ ನಿಂತಿತು, ಕೆಸರು ನಿಲ್ಲಲಿಲ್ಲ. ನದಿಯ ಪಾತ್ರದಲ್ಲಿ ಕೂತಿದ್ದ ಹೂಳು ಪ್ರತಿ ಮಳೆಗೂ ಒಂದಿಷ್ಟು ಜಾರಿ ನೂರು ವರ್ಷ ಕೊಲ್ಲಿಗೆ ಬರುತ್ತಲೇ ಇತ್ತು. ಗಾಳಿ, ಉಬ್ಬರ ಸೇರಿ ತಳದ ಆ ಕೆಸರನ್ನು ದಿನವೂ ಎಬ್ಬಿಸುತ್ತಿದ್ದವು.

ಇಪ್ಪತ್ತನೇ ಶತಮಾನದಲ್ಲಿ ಮೇಲೆ ಅಣೆಕಟ್ಟುಗಳು ಬಂದವು. ಹೊಸ ಹೂಳು ಜಲಾಶಯಗಳಲ್ಲೇ ನಿಂತಿತು. ಹಳೆಯ ದಾಸ್ತಾನು ನಿಧಾನಕ್ಕೆ ಖಾಲಿಯಾಯಿತು. ಭೂವೈಜ್ಞಾನಿಕ ಸಂಸ್ಥೆಯ ಡೇವಿಡ್ ಶೋಲ್‌ಹ್ಯಾಮರ್ ಲೆಕ್ಕ ಹಾಕಿದಂತೆ, 1999ರ ನಂತರ ಕೊಲ್ಲಿಯ ನೀರಿನಲ್ಲಿ ತೇಲುವ ಕೆಸರು ಅದರ ಹಿಂದಿನ ವರ್ಷಗಳಿಗೆ ಹೋಲಿಸಿದರೆ ಶೇ 36ರಷ್ಟು ಇಳಿಯಿತು. ಇಳಿಕೆ ನಿಧಾನವಾಗಿ ಆದದ್ದಲ್ಲ, ಒಂದು ಮೆಟ್ಟಿಲು ಇಳಿದ ಹಾಗೆ ಒಮ್ಮೆಲೇ ಆಯಿತು.

ನೀರು ತಿಳಿಯಾಯಿತು ಅಂತ ಖುಷಿಪಡಬೇಕು, ಅಲ್ವಾ? ಸ್ವಲ್ಪ ಲೆಕ್ಕ ಮಾಡೋಣ.

ಪಾಚಿ ಒಂದೇ ಕಡೆ ನಿಂತಿರುವುದಿಲ್ಲ. ಉಬ್ಬರದ ಸೆಳೆತ ಅದನ್ನು ಮೇಲೆ ಕೆಳಗೆ ಒಯ್ಯುತ್ತಿರುತ್ತದೆ. ಮೇಲೆ ಬಂದಾಗ ಗಳಿಕೆ, ಕೆಳಗೆ ಕತ್ತಲಿಗೆ ಹೋದಾಗ ಖರ್ಚು. ಉಸಿರಾಟದ ಖರ್ಚಂತೂ ಹಗಲು ರಾತ್ರಿ ಇದ್ದದ್ದೇ. ಬೆಳಕಿರುವ ಪದರ ಒಟ್ಟು ಕಲಕುವ ಆಳದ ಸುಮಾರು ಐದರಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೆ ಪಾಚಿಗೆ ನಷ್ಟ, ಜಾಸ್ತಿಯಿದ್ದರೆ ಲಾಭ. ಇದು ಈ ಕೊಲ್ಲಿಯಲ್ಲೇ ಅಳೆದು ಕಂಡುಕೊಂಡ ಗಡಿ. ಸುಮ್ನೆ ಲೆಕ್ಕಕ್ಕೆ ಕ್ಷಯಾಂಕ 2 ಅಂದುಕೊಳ್ಳಿ. ಬೆಳಕಿನ ಪದರ 2.3 ಮೀಟರ್. ಹಡಗು ಓಡಾಡುವ 15 ಮೀಟರ್ ಆಳದ ಕಾಲುವೆಯಲ್ಲಿ ಇದು ಶೇ 15. ಪಾಚಿಗೆ ನಷ್ಟ. ಈಗ ಕೆಸರು ಇಳಿದು ಕ್ಷಯಾಂಕ 1.3 ಆಯಿತು ಅನ್ನಿ. ಬೆಳಕಿನ ಪದರ 3.5 ಮೀಟರ್, ಅಂದರೆ ಶೇ 23ಕ್ಕೂ ಸ್ವಲ್ಪ ಹೆಚ್ಚು. ಪಾಚಿಗೆ ಲಾಭ. ನೀರು ನೋಡುವ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣಲಿಕ್ಕಿಲ್ಲ. ಕೆಸರು ಮೂರನೇ ಒಂದು ಪಾಲು ಇಳಿದರೆ ಕ್ಷಯಾಂಕವೂ ಅಷ್ಟೇ ಇಳಿಯುತ್ತದೆ ಅಂತಿಲ್ಲ, ಉಳಿದ ಮೂವರೂ ಇದ್ದಾರಲ್ಲ. ಆದರೂ ದಾರಿ ಎತ್ತ ಅನ್ನುವುದು ಸ್ಪಷ್ಟ. ಗಡಿಯ ಈಚೆ ಇದ್ದದ್ದು ಆಚೆ ದಾಟಲು ಇಷ್ಟೇ ಸಾಕು.

ದಡದ ಹತ್ತಿರದ ಎರಡು ಮೀಟರ್ ಆಳದ ಜಾಗಗಳ ಕಥೆ ಬೇರೆ. ಅಲ್ಲಿ ಕ್ಷಯಾಂಕ 2 ಇದ್ದರೂ ತಳದವರೆಗೆ ಬೆಳಕಿದೆ. ಹಾಗಾಗಿ ಪಾಚಿ ಹುಟ್ಟುವುದು ತೆಳುನೀರಿನಲ್ಲಿ, ಅಲ್ಲಿಂದ ಆಳದ ಕಾಲುವೆಗೆ ಬಂದು ಕತ್ತಲಲ್ಲಿ ಸೊರಗುವುದು ಹಳೆಯ ಪದ್ಧತಿ. ಕಾಲುವೆಯೂ ಬೆಳಕಾದರೆ ಈ ಪದ್ಧತಿ ಕೆಡುತ್ತದೆ.

ಇಷ್ಟಕ್ಕೇ ಎಲ್ಲವನ್ನೂ ಬೆಳಕಿನ ತಲೆಗೆ ಕಟ್ಟುವುದೂ ಸರಿಯಲ್ಲ. 1999ರ ಆಸುಪಾಸಿನಲ್ಲೇ ಇನ್ನೊಂದು ಬದಲಾವಣೆಯೂ ಆಯಿತು. ಪೆಸಿಫಿಕ್ ಸಾಗರದ ನೀರು ತಣ್ಣಗಾಗುವ ಹಂತಕ್ಕೆ ತಿರುಗಿ, ಚಪ್ಪಟೆ ಮೀನು, ಏಡಿಗಳು ಹೆಚ್ಚಿನ ಸಂಖ್ಯೆಯಲ್ಲಿ ಕೊಲ್ಲಿಗೆ ಬಂದವು. ಅವು ದಕ್ಷಿಣ ಕೊಲ್ಲಿಯ ಚಿಪ್ಪಿಕಲ್ಲುಗಳನ್ನು (ಮಂಗಳೂರು ಕಡೆಯವರಿಗೆ ಮರುವಾಯಿ) ತಿಂದು ಮುಗಿಸಿದವು. ಚಿಪ್ಪಿಕಲ್ಲು ನೀರನ್ನು ಸೋಸಿ ಪಾಚಿಯನ್ನು ತಿನ್ನುವ ಜೀವಿ. ಕಾವಲಿಗಿದ್ದ ಇಬ್ಬರೂ ಹೆಚ್ಚು ಕಡಿಮೆ ಒಟ್ಟೊಟ್ಟಿಗೆ ಜಾಗ ಖಾಲಿ ಮಾಡಿದ ಹಾಗಾಯಿತು. ಆಮೇಲಿನ ವರ್ಷಗಳಲ್ಲಿ ದಕ್ಷಿಣ ಕೊಲ್ಲಿಯಲ್ಲಿ ಪಾಚಿ ಏರುತ್ತಾ ಹೋಯಿತು. ವಸಂತದಲ್ಲಿ ಮಾತ್ರ ಕಾಣುತ್ತಿದ್ದದ್ದು ಶರತ್ಕಾಲದಲ್ಲೂ ಕಾಣತೊಡಗಿತು.

ಅಷ್ಟಮಿಯ ಉಬ್ಬರ

ಬೆಳಕಿನ ಈ ಲೆಕ್ಕ ತಿಂಗಳಲ್ಲಿ ಎರಡು ಸಲ ತಾನಾಗಿ ಬದಲಾಗುತ್ತದೆ. ಕರಾವಳಿಯವರಿಗೆ ಇದು ಗೊತ್ತಿರುವ ವಿಷಯ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರ ದೊಡ್ಡದು, ಸೆಳೆತ ಜೋರು, ನೀರು ತಳದಿಂದ ಮೇಲಿನವರೆಗೆ ಕದಡುತ್ತದೆ. ಅಷ್ಟಮಿಯ ಸುತ್ತಮುತ್ತ ಉಬ್ಬರ ಸಣ್ಣದು, ಸೆಳೆತ ಸೌಮ್ಯ. ಕೆಸರು ತಳಕ್ಕೆ ಕೂರುತ್ತದೆ. ನದಿಯ ಸಿಹಿನೀರು ಹಗುರ, ಉಪ್ಪುನೀರು ಭಾರ. ಕದಡುವವರಿಲ್ಲದಿದ್ದರೆ ಎರಡೂ ಪದರ ಪದರವಾಗಿ ನಿಲ್ಲುತ್ತವೆ. ಮೇಲಿನ ಪದರದಲ್ಲಿ ಸಿಕ್ಕಿಬಿದ್ದ ಪಾಚಿ ಈಗ 15 ಮೀಟರ್ ಕೆಳಗೆ ಹೋಗಬೇಕಾಗಿಲ್ಲ. ಮೂರು ನಾಲ್ಕು ಮೀಟರಿನೊಳಗೇ ಆಡಿಕೊಂಡಿರಬಹುದು. ಬೆಳಕು ಹೆಚ್ಚಿತು, ಕಲಕುವ ಆಳ ಕಡಿಮೆಯಾಯಿತು. ಅನುಪಾತ ಎರಡೂ ಕಡೆಯಿಂದ ಪಾಚಿಯ ಪರವಾಗಿ ವಾಲಿತು. ದಕ್ಷಿಣ ಕೊಲ್ಲಿಯ ವಸಂತಕಾಲದ ಪಾಚಿ ಏಳುವುದು ಇಂಥ ವಾರಗಳಲ್ಲೇ ಎಂದು ಕ್ಲೋರ್ನ್ ತಂಡ ತೋರಿಸಿದೆ. ದೊಡ್ಡ ಉಬ್ಬರ ಬಂದೊಡನೆ ಆಟ ಮುಗಿಯುತ್ತಿತ್ತು.

2004ರ ಸೆಪ್ಟೆಂಬರಿನಲ್ಲಿ ಇದಕ್ಕೆ ಬಿಸಿಗಾಳಿಯೂ ಸೇರಿತು. ಗಾಳಿ ನಿಂತು, ಮಂಜು ಸರಿದು, ಬಿಸಿಲು ಕಾಯ್ದು ಮೇಲಿನ ನೀರು ಬೆಚ್ಚಗಾಯಿತು. ಕೊಲ್ಲಿಯಲ್ಲಿ ಹಿಂದೆ ಕಾಣದಂತೆ ಪಾಚಿ ಉಕ್ಕಿ ನೀರು ಕೆಂಪಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಬೇಸಿಗೆಯ ಮಂಜನ್ನು ಪ್ರವಾಸಿಗರು ಬೈಯುತ್ತಾರೆ. ಕೊಲ್ಲಿಯ ಮಟ್ಟಿಗೆ ಅದೂ ಒಂದು ಪರದೆಯೇ.

ಹೆಟೆರೋಸಿಗ್ಮಾ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಎರಡು ಕಶಾಂಗಗಳಿವೆ, ಅಂದರೆ ಚಾವಟಿಯಂಥ ಬಾಲ. ನೀರು ಶಾಂತವಾಗಿದ್ದರೆ ಹಗಲು ಈಜಿಕೊಂಡು ಮೇಲೆ ಬರುತ್ತದೆ, ಬೆಳಕು ಹಿಡಿಯುತ್ತದೆ. ರಾತ್ರಿ ಕೆಳಗಿಳಿದು ಅಲ್ಲಿನ ಗೊಬ್ಬರ ಹೀರುತ್ತದೆ. ಈಜಲು ಬಾರದ ಪಾಚಿಗಳು ಕೆಳಗೆ ಕತ್ತಲಲ್ಲಿ ಉಳಿಯುತ್ತವೆ. ಮೇಲೆ ದಟ್ಟವಾದಂತೆ ಅದು ತನ್ನ ಕೆಳಗಿನವರ ಬೆಳಕನ್ನೂ ಮುಚ್ಚುತ್ತದೆ. ಒಂದು ಹಂತದ ನಂತರ ಪಾಚಿಯೇ ಹೊಸ ರಾಡಿ. ಹಾಗೆ ಮುಚ್ಚಿದಾಗ ಅದರ ಬೆಳವಣಿಗೆಗೂ ಮಿತಿ ಬೀಳುತ್ತದೆ, ನಿಜ. ಆದರೆ ಅಷ್ಟರಲ್ಲಿ ನೀರಿನಲ್ಲಿ ಸಾವಯವ ಪದಾರ್ಥ ವಿಪರೀತ ತುಂಬಿರುತ್ತದೆ. ರಾತ್ರಿ ಉಸಿರಾಟಕ್ಕೆ, ಸತ್ತ ಮೇಲೆ ಕೊಳೆಯುವುದಕ್ಕೆ ಆಮ್ಲಜನಕ ಖರ್ಚಾಗುತ್ತದೆ. ಲೇಕ್ ಮೆರಿಟ್‌ನಂಥ ಮೂಲೆಯಲ್ಲಿ ಹೊಸ ನೀರು ನುಗ್ಗಿ ಬರುವುದೂ ಕಡಿಮೆ. ಮೀನು ಉಸಿರುಗಟ್ಟಿ ಸಾಯುತ್ತದೆ.

ತಟ್ಟೆ ಮತ್ತು ಉಪಗ್ರಹ

ನೀರಿನ ತಿಳಿಯನ್ನು ಅಳೆಯಲು ಇವತ್ತಿಗೂ ಜನ ಬಳಸುವ ಉಪಕರಣ 1865ರದ್ದು. ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಪೋಪರ ಹಡಗಿನಿಂದ ಬಿಳಿ ತಟ್ಟೆಯೊಂದನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಸಿ, ಯಾವ ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆ ಅಂತ ನೋಡಿದ. ಅಷ್ಟೇ. ಹಗ್ಗ, ತಟ್ಟೆ, ಎರಡು ಕಣ್ಣು. ಖರ್ಚಿಲ್ಲದ ಒಳ್ಳೆಯ ಅಳತೆ, ನನಗೆ ಅದರ ಮೇಲೆ ಗೌರವವಿದೆ. ಆದರೆ ಅಳಿವೆಯಲ್ಲಿ ಇದೊಂದೇ ನಂಬಿದರೆ ಮೋಸ ಹೋಗುತ್ತೇವೆ. ತಟ್ಟೆ 80 ಸೆಂಟಿಮೀಟರಿಗೆ ಮರೆಯಾಯಿತು ಅನ್ನಿ. ಕಾರಣ ಕೆಸರೋ, ಹಳದಿ ಕಲೆಯೋ, ಪಾಚಿಯೋ? ತಟ್ಟೆ ಹೇಳುವುದಿಲ್ಲ. ಕೆಸರು ಚದುರಿಸುವ ಬೆಳಕು ತಟ್ಟೆಯ ಅಂಚನ್ನು ಮಸುಕು ಮಾಡುತ್ತದೆ, ಹಾಗಾಗಿ ಬೇಗ ಮರೆಯಾಗುತ್ತದೆ. ಆದರೂ ಆ ಚದುರಿದ ಬೆಳಕಿನ ಒಂದು ಪಾಲು ಕೆಳಗಿನ ಪಾಚಿಗೆ ಸಿಗುತ್ತಿರುತ್ತದೆ. ತಟ್ಟೆಯ ಆಳ ಒಂದೇ ಇದ್ದರೂ ಎರಡು ಅಳಿವೆಗಳ ಪಾಚಿಯ ಭವಿಷ್ಯ ಒಂದೇ ಆಗಿರಬೇಕಿಲ್ಲ.

ಉಪಗ್ರಹಕ್ಕೂ ಇದೇ ತಲೆನೋವು. ನಡುಕಡಲಿನಲ್ಲಿ ನೀಲಿ ಕಡಿಮೆ, ಹಸಿರು ಜಾಸ್ತಿ ಕಂಡರೆ ಪಾಚಿ ಇದೆ ಅಂತ ಲೆಕ್ಕ. ಅಳಿವೆಯಲ್ಲಿ ನೀಲಿಯನ್ನು ಹಳದಿ ಕಲೆಯೂ ತಿಂದಿರುತ್ತದೆ, ಹಾಗಾಗಿ ಇಲ್ಲದ ಪಾಚಿ ಇದ್ದಂತೆ ಕಾಣುತ್ತದೆ. ಅದಕ್ಕೆ ಕೆಂಪಿನ ತುದಿಗೆ ಹೋಗಬೇಕು. ಯುರೋಪಿನ ಸೆಂಟಿನೆಲ್-3 ಉಪಗ್ರಹ 665, 681, 709 ನ್ಯಾನೊಮೀಟರ್ ಬಳಿ ಬೇರೆ ಬೇರೆಯಾಗಿ ನೋಡಬಲ್ಲದು. 665ರಲ್ಲಿ ಪಾಚಿ ಬೆಳಕನ್ನು ನುಂಗುತ್ತದೆ, 709ರಲ್ಲಿ ನುಂಗುವುದಿಲ್ಲ, ಚದುರಿಸುತ್ತದೆ. ಪಾಚಿ ದಟ್ಟವಾದಷ್ಟೂ ಈ ಎರಡರ ನಡುವಿನ ಅಂತರ ಹೆಚ್ಚುತ್ತದೆ. ಹಳದಿ ಕಲೆಗೆ ಆ ಬಣ್ಣಗಳಲ್ಲಿ ಹೇಳಿಕೊಳ್ಳುವಷ್ಟು ಕೆಲಸವಿಲ್ಲ. ಆದರೆ ಅದರ ಚಿತ್ರದ ಒಂದು ಚುಕ್ಕಿ ಅಂದರೆ 300 ಮೀಟರ್. ಕಿರಿದಾದ ತೋಡು, ಹಿನ್ನೀರು ಅದಕ್ಕೆ ಕಾಣುವುದಿಲ್ಲ. ಮಂಜು ಮುಚ್ಚಿದ ದಿನ ಏನೂ ಕಾಣುವುದಿಲ್ಲ.

ನಮ್ಮ ಕರಾವಳಿಯ ಅಳಿವೆಗಳಲ್ಲಿ ಇದೇ ಆಗುತ್ತದೆ ಅಂತ ಹೇಳಲು ನಾನು ಹೊರಟಿಲ್ಲ, ಪ್ರಶ್ನೆ ಮಾತ್ರ ಅದೇ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ಎಲ್ಲವೂ ಕೆಂಪು. ಗೊಬ್ಬರ ಎಷ್ಟೇ ಬಂದರೂ ಬೆಳಕಿಲ್ಲ, ನೀರೂ ನಿಲ್ಲುವುದಿಲ್ಲ. ಮಳೆ ಬಿಟ್ಟ ಮೇಲೆ ನೀರು ತಿಳಿಯಾಗುತ್ತದೆ, ಬಿಸಿಲು ಏರುತ್ತದೆ. ಆಗ ನೀರಿನಲ್ಲಿ ಎಷ್ಟು ಗೊಬ್ಬರ ಉಳಿದಿದೆ ಅನ್ನುವುದೇ ಮುಖ್ಯ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ 2024ರ ಆರಂಭದಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಒಂದೇ ಜಿಲ್ಲೆಯ ಎರಡು ಅಳಿವೆಗಳಲ್ಲಿ, ಒಂದೇ ಅಷ್ಟಮಿಯ ವಾರ, ಸೆಕ್ಕಿಯ ತಟ್ಟೆ ಮತ್ತು ಒಂದು ಬೆಳಕಿನ ಮಾಪಕ ಇಳಿಸಿ ನೋಡಿದರೆ ಕಲಿಯುವುದು ಬಹಳ ಇರುತ್ತದೆ. ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂಥ ಕೆಲಸ.

ಹಾಗಾದರೆ ಗೊಬ್ಬರ ಇಳಿಸಿ ಏನು ಉಪಯೋಗ?

ಕ್ಯಾಲಿಫೋರ್ನಿಯಾದಲ್ಲಿ ಕೇಳಿಬರುವ ಒಂದು ವಾದ ಹೀಗೆ. ಪಾಚಿಯನ್ನು ತಡೆದಿದ್ದು ಕತ್ತಲೆ, ಬಿಟ್ಟದ್ದು ಬೆಳಕು. ಹಾಗಿದ್ದರೆ ಕೊಳಚೆ ಘಟಕಗಳ ಮೇಲೆ ಯಾಕೆ ಹೊರೆ? ಹೊರೆ ಸಣ್ಣದಲ್ಲ. 2024ರ ಜುಲೈಯಲ್ಲಿ ಕೊಲ್ಲಿ ಪ್ರದೇಶದ ಜಲ ಗುಣಮಟ್ಟ ನಿಯಂತ್ರಣ ಮಂಡಳಿ ಹೊಸ ಆದೇಶ ಹೊರಡಿಸಿತು. ಬೇಸಿಗೆಯ ತಿಂಗಳುಗಳಲ್ಲಿ ಕೊಲ್ಲಿಗೆ ಬಿಡುವ ಸಾರಜನಕವನ್ನು 2022ಕ್ಕೆ ಹೋಲಿಸಿ ಹತ್ತು ವರ್ಷದಲ್ಲಿ ಶೇ 40ರಷ್ಟು ಇಳಿಸಬೇಕು. ಘಟಕಗಳನ್ನು ಮೇಲ್ದರ್ಜೆಗೆ ಏರಿಸಲು ಸುಮಾರು 1,100 ಕೋಟಿ ಡಾಲರ್ ಬೇಕು ಅಂತ ಅಂದಾಜು. ಅದು ಕೊನೆಗೆ ಬರುವುದು ಮನೆಮನೆಯ ಬಿಲ್ಲಿಗೆ.

ನನ್ನ ಲೆಕ್ಕದಲ್ಲಿ ಆ ವಾದ ಅರ್ಧ ಮಾತ್ರ ಸರಿ. ಪಾಚಿ ಯಾವಾಗ ಏಳುತ್ತದೆ ಅನ್ನುವುದನ್ನು ಬೆಳಕು ನಿರ್ಧರಿಸುತ್ತದೆ. ಎದ್ದ ಮೇಲೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದನ್ನು ಗೊಬ್ಬರ ನಿರ್ಧರಿಸುತ್ತದೆ. 2022ರ ಕಿಡಿ ಇದೇ ಅಂತ ವಿಜ್ಞಾನಿಗಳು ಒಂದೇ ಕಾರಣಕ್ಕೆ ಬೆರಳು ತೋರಿಸಿಲ್ಲ. ಆದರೆ ಒಣಹುಲ್ಲಿನ ಬಣವೆ ಅಂಗಳದಲ್ಲಿ ಇರುವಷ್ಟು ದಿನ ಕಿಡಿ ಎಲ್ಲಿಂದಲಾದರೂ ಬರುತ್ತದೆ. ಬಿಸಿಲನ್ನಾಗಲಿ ಚಂದ್ರನ ತಿಥಿಯನ್ನಾಗಲಿ ಯಾವ ಮಂಡಳಿಯೂ ಆದೇಶ ಹೊರಡಿಸಿ ಬದಲಿಸಲಾಗದು. ಮತ್ತೆ ಬೆಟ್ಟ ಕರಗಿಸಿ ಕೆಸರು ತರೋಣ ಅನ್ನುವವರೂ ಯಾರಿಲ್ಲ. ಕೈಯಲ್ಲಿ ಇರುವ ಹಿಡಿಕೆ ಸಾರಜನಕ ಒಂದೇ.

ಆದರೂ ಕೆಸರಿನ ಲೆಕ್ಕವನ್ನು ಯೋಜನೆಯ ಹೊರಗೆ ಇಡುವುದು ತಪ್ಪು. ಹಡಗಿನ ದಾರಿಯಿಂದ ಎತ್ತಿದ ಹೂಳಿನ ಒಂದು ಪಾಲನ್ನು ಇಂದಿಗೂ ದೂರದ ಆಳ ಸಮುದ್ರಕ್ಕೆ ಒಯ್ದು ಸುರಿಯುತ್ತಾರೆ. ಅದೇ ಹೊತ್ತಿಗೆ ದಕ್ಷಿಣ ಕೊಲ್ಲಿಯಲ್ಲಿ ಹಳೆಯ ಉಪ್ಪಿನ ಗದ್ದೆಗಳನ್ನು ಮತ್ತೆ ಜೌಗು ಮಾಡುವ ದೊಡ್ಡ ಯೋಜನೆ 2003ರಿಂದ ನಡೆಯುತ್ತಿದೆ, ಅದಕ್ಕೆ ಬೇಕಾದದ್ದೂ ಹೂಳೇ. ಸಮುದ್ರ ಮಟ್ಟ ಏರುತ್ತಿದೆ, ಜೌಗು ಅದರ ಜೊತೆ ಏರಬೇಕಾದರೆ ಮಣ್ಣು ಬೇಕು. ಜೌಗು ಬಂದರೆ ಅದರ ಮಣ್ಣಿನ ಸೂಕ್ಷ್ಮಜೀವಿಗಳು ನೀರಿನ ಸಾರಜನಕದ ಒಂದಿಷ್ಟು ಪಾಲನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಸ್ಯಾನ್ ಲೊರೆಂಜೊದ ಓರೊ ಲೋಮಾದಲ್ಲಿ ಇಳಿಜಾರು ಒಡ್ಡು ಕಟ್ಟಿ, ಶುದ್ಧೀಕರಿಸಿದ ಕೊಳಚೆ ನೀರನ್ನು ಅದರ ಗಿಡಗಳ ಬೇರಿನ ನಡುವೆ ಹಾಯಿಸಿ ಇದನ್ನು ಪ್ರಯೋಗಿಸಿ ನೋಡಿದ್ದಾರೆ, ಸಾರಜನಕ ಚೆನ್ನಾಗಿ ಇಳಿದಿದೆ. ಜಾಗ ಮಾತ್ರ ಜಾಸ್ತಿ ಬೇಕು. ಕೊಲ್ಲಿಯ ದಡದಲ್ಲಿ ಜಾಗದ ಬೆಲೆ ಎಷ್ಟು ಅಂತ ಅಲ್ಲಿ ಮನೆ ಹುಡುಕಿದವರನ್ನು ಕೇಳಿ.

ಹೊಸ ಮಿತಿ ಪೂರ್ತಿಯಾಗಿ ಜಾರಿಗೆ ಬರುವುದು 2034ರಲ್ಲಿ. ಅಲ್ಲಿಯವರೆಗಿನ ಪ್ರತಿ ಬೇಸಿಗೆಯೂ ಹಳೆಯ ಗೊಬ್ಬರ ಮತ್ತು ಹೊಸ ಬೆಳಕಿನ ಜೊತೆಯಲ್ಲೇ ಕಳೆಯಬೇಕು. ಮಂಜಿಲ್ಲದ, ಗಾಳಿಯಿಲ್ಲದ, ಉಬ್ಬರ ಸಣ್ಣದಾದ ವಾರ ಜುಲೈ, ಆಗಸ್ಟಿನಲ್ಲಿ ಬಂದರೆ ಅಲಮೀಡಾ ಕಡೆಯ ನೀರನ್ನು ಮೊದಲು ನೋಡಬೇಕು.